ಮೂಗಿನ ಮೇಲೆ ಪ್ಲಾಸ್ಟರ್!

"ಸಾರ್, ಮೂಗು ಸರಿ ಮಾಡಿಸ್ಕೊಂಡ್ರೆ ಗಾಂಧಿನಗರದಲ್ಲಿ ಚಾನ್ಸು ಸಿಗುತ್ತಾ?"

ವಾರಕ್ಕೊಬ್ಬರಾದರೂ ಹೀಗೆ ಬರೆಯುತ್ತೀರಿ. ಚಾನ್ಸಿನ ಮಾತು ಗಾಂಧಿನಗರಕ್ಕೇ ಗೊತ್ತು. ಮೂಗಿನ ಮಾತು ಮಾತ್ರ ನಾನು ಹೇಳಬಲ್ಲೆ. ಆ ಆಪರೇಷನ್ ಟೇಬಲ್ ಮೇಲೆ ಮಲಗಿ ಎದ್ದವನಲ್ಲವೇ!

ನನ್ನ ಮೂಗಿಗೆ ಎರಡು ಐಬು. ಕಬಡ್ಡಿಯಲ್ಲಿ ಯಾರದೋ ಮೊಣಕೈ ಬಿದ್ದು ಸೊಟ್ಟಗಾಗಿ, ಎಡ ಹೊಳ್ಳೆಯಲ್ಲಿ ಉಸಿರೇ ಆಡುತ್ತಿರಲಿಲ್ಲ. ಜೊತೆಗೆ ನಡುವೆ ಒಂದು ಉಬ್ಬು, ಅದು ಅಪ್ಪನಿಂದ ಬಂದ ಆಸ್ತಿ. ಗೆಳೆಯರು ಇಟ್ಟ ಹೆಸರು 'ಗಿಣಿರಾಮ'. "ಸೊಟ್ಟ ಸರಿಪಡಿಸಲೇಬೇಕು, ಉಬ್ಬು ನಿಮ್ಮಿಷ್ಟ" ಎಂದರು ಡಾಕ್ಟರು. ಎರಡೂ ಹೋಗಲಿ ಎಂದೆ.

ಪೂರ್ತಿ ಮತ್ತು ಕೊಟ್ಟಿದ್ದರಿಂದ ನೋವು ಗೊತ್ತಾಗಲಿಲ್ಲ. ಮಜಾ ಶುರುವಾಗಿದ್ದು ಎದ್ದ ಮೇಲೆ! ಮೂಗಿನೊಳಗೆ ಬತ್ತಿ, ಮೇಲೆ ಪ್ಲಾಸ್ಟರ್. ಬಾಯಲ್ಲೇ ಉಸಿರಾಡಿ ಆಡಿ ಗಂಟಲೆಲ್ಲ ಒಣಗಿ ಬಿರುಕು. ಕಣ್ಣಿನ ಸುತ್ತ ಕಪ್ಪು, ನೀಲಿ... ಕ್ಲೈಮ್ಯಾಕ್ಸಿನಲ್ಲಿ ಒದೆ ತಿಂದ ವಿಲನ್ ಥರ! ದಿಂಬಿಗೆ ಒರಗಿಕೊಂಡೇ ನಿದ್ದೆ. ಮೂಗು ಒತ್ತಿ ಊದುವ ಹಾಗಿಲ್ಲ. ಸೀನು ಬಂದರೆ ಬಾಯಿ ತೆರೆದೇ ಸೀನಬೇಕು. (ಸಿನಿಮಾ ಸೀನಲ್ಲ ಗುರೂ, ಹಕ್ಷೀ ಸೀನು.)

ವಾರ ಕಳೆದು ಪ್ಲಾಸ್ಟರ್ ಬಿಚ್ಚಿದರು. ಕನ್ನಡಿಯಲ್ಲಿ ನೋಡಿದರೆ ಬದನೆಕಾಯಿ! "ಪೂರ್ತಿ ಊತ ಇಳಿಯೋಕೆ ಒಂದು ವರ್ಷ ಬೇಕಪ್ಪಾ" ಎಂದು ಡಾಕ್ಟರು ನಕ್ಕರು. ಹಾಗೇ ಆಯಿತು. ಮೂಗಿನ ತುದಿಗೆ ತಿಂಗಳುಗಟ್ಟಲೆ ಸ್ಪರ್ಶವೇ ಇರಲಿಲ್ಲ, ಇರುವೆ ಹತ್ತಿದರೂ ಗೊತ್ತಾಗದು.

ಈಗ ಉಸಿರು ಸರಾಗ. ಅದರ ಸುಖ ಹೇಳತೀರದು. ಆದರೆ ಒಂದು ರಾತ್ರಿ ಊಟಕ್ಕೆ ಕೂತಿದ್ದಾಗ ಅಮ್ಮ ಪಕ್ಕದಿಂದ ನನ್ನನ್ನು ನೋಡಿ, ಸೌಟು ಹಿಡಿದೇ ನಿಂತುಬಿಟ್ಟಳು. "ನಿಮ್ಮಪ್ಪನ ಮೂಗು ಎಲ್ಲಿ ಬಿಟ್ಟು ಬಂದ್ಯೋ?" ಅಪ್ಪ ತೀರಿಕೊಂಡು ಆಗ ಆರು ವರ್ಷ. ತಲೆ ಬಗ್ಗಿಸಿ ಅನ್ನ ಕಲೆಸಿದೆ, ಇನ್ನೇನು ಹೇಳಲಿ?

ಒಂದು ಕ್ಯಾಮೆರಾ ಗುಟ್ಟು ಕೇಳಿ. 2018ರಲ್ಲಿ ಅಮೆರಿಕದ ಡಾಕ್ಟರುಗಳು ಲೆಕ್ಕ ಹಾಕಿದರು: 12 ಇಂಚು ದೂರದಿಂದ ತೆಗೆದ ಸೆಲ್ಫಿಯಲ್ಲಿ ಗಂಡಸಿನ ಮೂಗು, 5 ಅಡಿ ದೂರದಿಂದ ತೆಗೆದ ಫೋಟೋಗಿಂತ ಸುಮಾರು ಶೇಕಡಾ 30ರಷ್ಟು ಅಗಲವಾಗಿ ಕಾಣುತ್ತದೆ! ಇದು ನಮ್ಮ ಛಾಯಾಗ್ರಾಹಕರಿಗೆ ಹಳೇ ಪಾಠ. ಕ್ಲೋಸಪ್ಪಿಗೆ ದೂರ ಸರಿದು ಉದ್ದನೆಯ ಲೆನ್ಸ್ ಹಾಕುತ್ತಾರೆ. ನೀವು ಬೈಯುತ್ತಿರೋದು ಮೂಗನ್ನೋ, ಫೋನನ್ನೋ?

ಅಪಾಯವೂ ಉಂಟು. ಪ್ರಿಯಾಂಕಾ ಚೋಪ್ರಾ 2021ರ ಆತ್ಮಕಥೆಯಲ್ಲಿ ಬರೆದಿದ್ದಾರೆ: ಮೂಗಿನೊಳಗಿನ ಗಂಟು ತೆಗೆಯುವಾಗ ಮೂಗಿನ ನಡುಭಾಗವೇ ಕುಸಿಯಿತು, ಸರಿಪಡಿಸಲು ಮತ್ತೆ ಆಪರೇಷನ್. ವಿಶ್ವಸುಂದರಿಗೇ ಹೀಗಾದ ಮೇಲೆ...

ತಿಪಟೂರಿನ ತಮ್ಮಾ, ಉಸಿರಿನ ತೊಂದರೆ ಇದ್ದರೆ ನಾಳೆಯೇ ಕಿವಿ-ಮೂಗು-ಗಂಟಲು ಡಾಕ್ಟರ ಹತ್ತಿರ ಹೋಗು. ಇಲ್ಲವಾದರೆ ಗೆಳೆಯನ ಕೈಗೆ ಫೋನು ಕೊಟ್ಟು, ಐದಡಿ ದೂರ ನಿಲ್ಲಿಸಿ ಫೋಟೋ ತೆಗೆಸಿ ಕಳಿಸು. ಅದು ಬರೋವರೆಗೆ ನನ್ನ ಡಾಕ್ಟರ ವಿಳಾಸ ಕೊಡೋದಿಲ್ಲ!