ರಾಜಕುಮಾರನ ಮಾತು, ನೇಕಾರರ ಮಗಳ ಮಾತು

ಗುಜರಾತಿನ ರಾಜಪಿಪ್ಲಾ ಒಂದು ಕಾಲಕ್ಕೆ ಸಂಸ್ಥಾನ. ಆ ಮನೆತನದ ರಾಜಕುಮಾರ ಮಾನವೇಂದ್ರ ಸಿಂಗ್ ಗೋಹಿಲ್ 2006ರಲ್ಲಿ ಪತ್ರಿಕೆಯೊಂದಕ್ಕೆ ಒಂದು ಮಾತು ಹೇಳಿದರು: ತಮ್ಮ ಒಲವು ಇರುವುದು ಗಂಡಸರ ಕಡೆಗೆ. ಹದಿಮೂರು ವರ್ಷದ ಮೇಲೆ, 2019ರ ಮೇ ತಿಂಗಳಲ್ಲಿ, ಒಡಿಶಾದ ಜಾಜ್‌ಪುರ ಜಿಲ್ಲೆಯ ನೇಕಾರ ದಂಪತಿಗಳ ಮಗಳು, ಓಟಗಾರ್ತಿ ದ್ಯುತಿ ಚಾಂದ್ ಅಂಥದೇ ಮಾತು ಹೇಳಿದರು: ತಾವು ಪ್ರೀತಿಸುತ್ತಿರುವುದು ತಮ್ಮೂರಿನ ಒಬ್ಬ ಹುಡುಗಿಯನ್ನು. ಇಬ್ಬರದೂ ಧೈರ್ಯವೇ. ಆದರೆ ಆ ಧೈರ್ಯಕ್ಕೆ ತೆರಬೇಕಾದ ಬೆಲೆ ಗಂಡಿಗೂ ಹೆಣ್ಣಿಗೂ, ಉಳ್ಳವರಿಗೂ ಇಲ್ಲದವರಿಗೂ ಒಂದೇ ಆಗಿಲ್ಲ. ಅದನ್ನು ಬಿಡಿಸಿ ನೋಡದೆ, ಕಾಲ ಬದಲಾಗಿದೆಯೆಂದು ಹೇಳಿ ಕೈತೊಳೆದುಕೊಳ್ಳುವುದು ಸರಿಯಲ್ಲ.

ರಾಜಕುಮಾರ ಸುಖವಾಗಿ ಪಾರಾದರೆಂದು ನಾವು ಹೇಳುವುದಿಲ್ಲ. ಊರಿನಲ್ಲಿ ಅವರ ಪ್ರತಿಕೃತಿ ಸುಟ್ಟರು. ಅವನು ನಮ್ಮ ಮಗನೇ ಅಲ್ಲವೆಂದು ಮನೆಯವರು ಪತ್ರಿಕೆಯಲ್ಲಿ ಪ್ರಕಟಣೆ ಕೊಟ್ಟರು. ಆದರೂ, ಮನೆಯಿಂದ ಹೊರಬಿದ್ದ ತಮ್ಮಂಥವರ ಆಶ್ರಯಕ್ಕೆ ಅರಮನೆಯ ಆವರಣವನ್ನೇ ಬಿಟ್ಟುಕೊಡುತ್ತೇನೆಂದು 2018ರಲ್ಲಿ ಹೇಳುವಷ್ಟು ನೆಲ ಅವರ ಕಾಲಡಿ ಉಳಿದಿತ್ತು. ಈ ಕಥೆಯಲ್ಲಿ ಇನ್ನೊಬ್ಬಾಕೆ ಇದ್ದಾರೆ. ಅವರ ಮಾತನ್ನು ಎತ್ತುವವರು ಕಡಿಮೆ. 1991ರಲ್ಲಿ ರಾಜಕುಮಾರನಿಗೆ ಮದುವೆ ಮಾಡಿದ್ದರು. ಹೆಚ್ಚು ದಿನ ಕಳೆಯುವ ಮೊದಲೇ ಆ ಮದುವೆ ಮುರಿಯಿತು. ಗಂಡಸು ಬಾಯಿಬಿಡಲಾಗದ ಕಾಲದ ದಂಡವನ್ನು ಏನೂ ಅರಿಯದ ಹೆಣ್ಣೊಬ್ಬರು ತೆತ್ತರು.

ಇನ್ನು ನೇಕಾರರ ಮಗಳ ಪಾಡು. ದೇಹದಲ್ಲಿ ಟೆಸ್ಟೋಸ್ಟೆರಾನ್ ಹೆಚ್ಚಿದೆಯೆಂದು 2014ರಲ್ಲಿ ದ್ಯುತಿಯವರನ್ನು ಕಾಮನ್‌ವೆಲ್ತ್ ಕ್ರೀಡಾಕೂಟದ ತಂಡದಿಂದ ಕೈಬಿಟ್ಟರು. ತಾನು ಹೆಣ್ಣೆಂಬುದನ್ನೇ ವಾದಿಸಿ ಗೆಲ್ಲಬೇಕಾದ ಸ್ಥಿತಿ ಬಂತು. ಅಂತರರಾಷ್ಟ್ರೀಯ ಕ್ರೀಡಾ ನ್ಯಾಯಮಂಡಳಿಯ ತನಕ ಹೋಗಿ, 2015ರಲ್ಲಿ ಮತ್ತೆ ಓಡುವ ಹಕ್ಕು ಪಡೆದರು. 2018ರ ಏಷ್ಯನ್ ಕ್ರೀಡಾಕೂಟದಲ್ಲಿ ದೇಶಕ್ಕೆ ಎರಡು ಬೆಳ್ಳಿ ಪದಕ ತಂದರು. ಇಷ್ಟೆಲ್ಲ ಆದಮೇಲೆ ಬಾಯಿಬಿಟ್ಟರೂ ತಾಯಿ ಮತ್ತು ಅಕ್ಕ ಬಹಿರಂಗವಾಗಿಯೇ ವಿರೋಧಿಸಿದರು. ಪದಕವೂ ಸ್ವಂತ ಸಂಪಾದನೆಯೂ ಇದ್ದುದರಿಂದ ಅವರು ನಿಂತರು. ಮಗ್ಗದ ಮುಂದೆ ಕುಳಿತ, ಪದಕವಿಲ್ಲದ, ಕೂಲಿಯೂ ಅಪ್ಪನ ಕೈಸೇರುವ ಹುಡುಗಿ ಅದೇ ಮಾತು ಹೇಳಿದರೆ ಏನಾದೀತು? ಮುಂದಿನ ಮುಹೂರ್ತಕ್ಕೆ ಅವಳ ಮದುವೆಯಾದೀತು.

ಹೆಂಗಸರಿಗೇನು ಕಷ್ಟ ಎಂದು ಕೇಳುವವರಿದ್ದಾರೆ. ಇಬ್ಬರು ಹೆಂಗಸರು ಕೈಹಿಡಿದು ಜಾತ್ರೆ ಸುತ್ತಿದರೂ, ಒಂದೇ ಕೋಣೆ ಬಾಡಿಗೆಗೆ ಹಿಡಿದರೂ ಯಾರೂ ಅನುಮಾನಪಡುವುದಿಲ್ಲ. ಬೀದಿಯಲ್ಲಿ ಗೇಲಿಗೆ ಸಿಕ್ಕುವವನು ಗಂಡಸೇ ಎಂಬುದು ಅವರ ವಾದ. ಮಾತಿನಲ್ಲಿ ಅರ್ಧ ನಿಜವಿದೆ. ಆದರೆ ಅನುಮಾನಪಡದಿರುವುದಕ್ಕೂ ಒಪ್ಪುವುದಕ್ಕೂ ಅಜಗಜಾಂತರ. ಹೆಣ್ಣಿಗೆ ತನ್ನದೇ ಆದ ಬಯಕೆಯೊಂದು ಇರಬಹುದೆಂದು ಲೆಕ್ಕಕ್ಕೇ ಹಿಡಿಯದವರು ಅನುಮಾನವನ್ನಾದರೂ ಹೇಗೆ ಪಟ್ಟಾರು?

ಇದಕ್ಕೆ ಇಂಗ್ಲೆಂಡಿನ ಪಾರ್ಲಿಮೆಂಟಿನಲ್ಲೇ ಸಾಕ್ಷಿ ಇದೆ. ಅಲ್ಲಿ 1885ರ ಕಾನೂನು ಗಂಡಸರ ನಡುವಿನ ಸಂಬಂಧವನ್ನು ಮಾತ್ರ ಅಪರಾಧವೆಂದು ಹೆಸರಿಸಿತು. ಹೆಂಗಸರನ್ನೂ ಶಿಕ್ಷೆಗೆ ಒಳಪಡಿಸಬೇಕೆಂದು 1921ರಲ್ಲಿ ಕಾಮನ್ಸ್ ಸಭೆ ಒಪ್ಪಿತು. ಲಾರ್ಡ್ಸ್ ಸಭೆ ತಳ್ಳಿಹಾಕಿತು. ಕರುಣೆ ಬಂದು ತಳ್ಳಿದ್ದಲ್ಲ. ಕಾನೂನಿನಲ್ಲಿ ಹೆಸರೆತ್ತಿದರೆ, ಇಂಥದೊಂದು ಇದೆಯೆಂದು ಏನೂ ಅರಿಯದ ಹೆಂಗಸರಿಗೆ ಗೊತ್ತಾಗಿಬಿಡುತ್ತದೆ ಎಂದು ಪ್ರಭುಗಳು ಹೆದರಿದರು! ಗಂಡಿಗೆ ಸೆರೆಮನೆ, ಹೆಣ್ಣಿಗೆ ಮೌನ. ಇದು ಅವರ ನ್ಯಾಯ.

ಅದೇ ಇಂಗ್ಲಿಷರು ನಮ್ಮ ಮೇಲೆ 1860ರ ದಂಡಸಂಹಿತೆಯ 377ನೇ ಕಲಮನ್ನು ಹೊರಿಸಿದರು. ಅದರ ಪೆಟ್ಟು ಬಿದ್ದದ್ದು ಹೆಚ್ಚಾಗಿ ಪಾರ್ಕು, ಬಸ್‌ಸ್ಟ್ಯಾಂಡುಗಳಲ್ಲಿ ಸಿಕ್ಕಿಬಿದ್ದ ಗಂಡಸರ ಮೇಲೆ, ಹಿಜಡಾಗಳ ಮೇಲೆ. ಪೋಲೀಸರ ಹೊಡೆತ, ಹಣ ಕೀಳುವಿಕೆಗಳನ್ನು ಪಿ.ಯು.ಸಿ.ಎಲ್.ನ ಕರ್ನಾಟಕ ಶಾಖೆ 2001ರಲ್ಲೇ ವರದಿ ಮಾಡಿತ್ತು. 2018ರ ಸೆಪ್ಟೆಂಬರ್ 6ರಂದು ಸುಪ್ರೀಂ ಕೋರ್ಟು, ವಯಸ್ಕರ ನಡುವಿನ ಒಪ್ಪಿಗೆಯ ಸಂಬಂಧ ಅಪರಾಧವಲ್ಲವೆಂದು ತೀರ್ಪು ಕೊಟ್ಟಿತು. ಪೋಲೀಸರ ಕೈಯ ಕೋಲು ಮುರಿಯಿತು. ಆದರೆ ಹೆಣ್ಣಿನ ಬೆನ್ನಿಗೆ ಬೀಳುತ್ತಿದ್ದ ಕೋಲು ಮೊದಲಿನಿಂದಲೂ ಮನೆಯೊಳಗಿತ್ತು. ಅದು ಈಗಲೂ ಅಲ್ಲಿಯೇ ಇದೆ. ಗಂಡಸು ಪಾರ್ಕಿನ ತನಕವಾದರೂ ಹೋಗಬಲ್ಲ. ಹೆಣ್ಣಿಗೆ ಹೊಸ್ತಿಲು ದಾಟಲೂ ಒಂದು ಕಾರಣ ಕೊಡಬೇಕು.

ಮಧ್ಯಪ್ರದೇಶದಲ್ಲಿ ಇಬ್ಬರು ಮಹಿಳಾ ಪೇದೆಗಳು 1987ರ ಕೊನೆಯಲ್ಲಿ ಪರಸ್ಪರ ಮದುವೆಯಾದರು. ಸುದ್ದಿ ಹೊರಬಿತ್ತು, ಇಬ್ಬರ ನೌಕರಿಯೂ ಹೋಯಿತು. ಕೇರಳದಲ್ಲಿ 2022ರಲ್ಲಿ ಒಟ್ಟಿಗಿದ್ದ ಇಬ್ಬರು ಯುವತಿಯರಲ್ಲಿ ಒಬ್ಬಳನ್ನು ಮನೆಯವರು ಕರೆದೊಯ್ದು ಇಟ್ಟುಕೊಂಡರು. ಇನ್ನೊಬ್ಬಳು ಹೈಕೋರ್ಟಿನಲ್ಲಿ ಹೇಬಿಯಸ್ ಕಾರ್ಪಸ್ ಅರ್ಜಿ ಹಾಕಿದಳು. ಮೇ 31ರಂದು ಕೋರ್ಟು ಇಬ್ಬರನ್ನೂ ಸೇರಿಸಿತು. ಸರ್ಕಾರದ ಸೆರೆಯಿಂದ ಪ್ರಜೆಯನ್ನು ಬಿಡಿಸಲೆಂದು ಹುಟ್ಟಿದ ಅರ್ಜಿಯನ್ನು ತಂದೆತಾಯಿಯ ಮನೆಯಿಂದ ಮಗಳನ್ನು ಬಿಡಿಸಲು ಹಾಕಬೇಕಾಯಿತಲ್ಲ, ಇದನ್ನು ಓದುಗರು ಯೋಚಿಸಬೇಕು.

ಹಾಗೆಂದು ಗಂಡಸಿನ ಅವಮಾನ ಸಣ್ಣದೆಂದಲ್ಲ. ಅವನನ್ನು ಹೀಯಾಳಿಸುವ ಮಾತು ಯಾವುದು ನೋಡಿ: ಹೆಣ್ಣಿಗ, ಬಳೆ ತೊಟ್ಟುಕೋ, ಸೀರೆ ಉಟ್ಟುಕೋ. ಅಂದರೆ ಹೆಣ್ಣಾಗಿರುವುದೇ ನಮ್ಮಲ್ಲಿ ಬೈಗುಳ. ಗಂಡು ತನ್ನ ಗದ್ದುಗೆ ಬಿಟ್ಟು ಕೆಳಗಿಳಿದನೆಂದು ಅವನಿಗೆ ಶಿಕ್ಷೆ. ಹೆಣ್ಣು ಗಂಡಿನ ಅಧೀನ ಬೇಡವೆಂದಳೆಂದು ಅವಳಿಗೆ ಶಿಕ್ಷೆ. ಎರಡು ಕೊಂಬೆ, ಬೇರು ಒಂದೇ. ಲೋಹಿಯಾ ಎಣಿಸಿದ ಏಳು ಕ್ರಾಂತಿಗಳಲ್ಲಿ ಗಂಡು ಹೆಣ್ಣಿನ ಸಮಾನತೆಯೂ ಇದೆ, ಖಾಸಗಿ ಬದುಕಿನಲ್ಲಿ ಅನ್ಯಾಯವಾಗಿ ಕೈಹಾಕುವುದರ ವಿರೋಧವೂ ಇದೆ. ಇವೆರಡೂ ಕೂಡುವ ಜಾಗ ಇದು. ವೇದಿಕೆಯ ಮೇಲೆ ಸಮಾನತೆಯ ಮಾತಾಡಿ, ಮನೆಗೆ ಬಂದು ಮಗಳ ಜಾತಕ ಕೈಗೆತ್ತಿಕೊಳ್ಳುವ ನಮ್ಮವರೂ ಇದಕ್ಕೆ ಉತ್ತರ ಹೇಳಬೇಕು.

ಆದ್ದರಿಂದ ಬರೀ "ಧೈರ್ಯವಾಗಿ ಹೇಳಿಕೊಳ್ಳಿ" ಎಂದು ಉಪದೇಶಿಸುವುದರಲ್ಲಿ ಅರ್ಥವಿಲ್ಲ. ಹೇಳಿದ ಮೇಲೆ ನಿಲ್ಲಲು ನೆಲ ಬೇಕು. 2005ರ ತಿದ್ದುಪಡಿ ಹಿಂದೂ ಕುಟುಂಬದ ಮಗಳಿಗೆ ಪಿತ್ರಾರ್ಜಿತದಲ್ಲಿ ಸಮಪಾಲು ಕೊಟ್ಟಿದೆ. ಆದರೆ ಹಕ್ಕು ಬಿಡುಗಡೆ ಪತ್ರಕ್ಕೆ ಅವಳಿಂದ ಸಹಿ ಹಾಕಿಸಿಕೊಳ್ಳುವುದು ನಿಂತಿಲ್ಲ. ಅದು ನಿಲ್ಲಬೇಕು. ದುಡಿಯುವ ಹೆಂಗಸರಿಗೆ ತಾಲ್ಲೂಕಿಗೊಂದಾದರೂ ವಸತಿಗೃಹ ಬೇಕು. ಮಗಳು ಕಾಣೆಯಾಗಿದ್ದಾಳೆಂದು ತಂದೆ ದೂರು ಕೊಟ್ಟ ಮಾತ್ರಕ್ಕೆ, ವಯಸ್ಸಿಗೆ ಬಂದ ಹೆಣ್ಣನ್ನು ಅವಳ ಇಷ್ಟವಿಲ್ಲದೆ ಪೋಲೀಸರು ಮನೆಗೆ ಒಪ್ಪಿಸಕೂಡದು. ಇಂಥ ಮೊಕದ್ದಮೆಗಳಲ್ಲಿ ಅವಳ ಸ್ವಂತ ಇಚ್ಛೆಯನ್ನೇ ಅರಿಯಬೇಕು, ಮನಸ್ಸು ತಿರುಗಿಸಲು ಆಪ್ತಸಲಹೆಗೆ ಕಳಿಸಬಾರದು ಎಂದು ಸುಪ್ರೀಂ ಕೋರ್ಟು 2024ರ ಮಾರ್ಚಿನಲ್ಲಿ ಕೆಳಗಿನ ಕೋರ್ಟುಗಳಿಗೆ ಹೇಳಿದೆ. ಆ ಮಾತು ಠಾಣೆಯ ತನಕ ಇಳಿಯಬೇಕು. ಇಂಥವರ ಮದುವೆಗೆ ಮಾನ್ಯತೆ ಕೊಡಲು 2023ರ ಅಕ್ಟೋಬರಿನಲ್ಲಿ ಅದೇ ಕೋರ್ಟು ನಿರಾಕರಿಸಿ ವಿಷಯವನ್ನು ಶಾಸಕಾಂಗಕ್ಕೆ ಬಿಟ್ಟಿತು. ಆ ಹೊಣೆ ನಾವು ಆರಿಸಿ ಕಳಿಸುವವರ ಮೇಲಿದೆ. ಓಟು ಕೇಳಲು ಬಂದಾಗ ಕೇಳೋಣ.

ಅಷ್ಟರೊಳಗೆ ನಮ್ಮ ನಮ್ಮ ಮನೆಯಲ್ಲಿ ಮಾಡಬಹುದಾದ ಒಂದು ಕೆಲಸವಿದೆ. ಮಗಳು ಮದುವೆ ಬೇಡವೆಂದರೆ, ಗಂಡು ಹುಡುಕಲು ಹೊರಡುವ ಮುಂಚೆ ಅವಳನ್ನು ಕೂರಿಸಿಕೊಂಡು ಯಾಕಮ್ಮ ಎಂದು ಕೇಳಿ. ಅವಳು ಹೇಳಿದ್ದು ನಿಮಗೆ ಹಿಡಿಸದಿದ್ದರೂ, ಅವಳ ಊಟ, ಓದು, ಹೊರಗೆ ಹೋಗುವ ದಾರಿ ಎಂದಿನಂತೆ ನಡೆಯಲಿ. ರಾಜಕುಮಾರನಿಗೆ ಅರಮನೆ ಇತ್ತು. ನಿಮ್ಮ ಮಗಳಿಗೆ ಇರುವುದು ನಿಮ್ಮ ಮನೆಯೊಂದೇ.