ಆಮೆಗೆ ಕನ್ನಡ ತಿಳಿಯಲಿ

ಇದು ಗಣಕಯಂತ್ರದ ಯುಗವೆಂದು ಹೇಳುವುದು ವಾಡಿಕೆಯಾಗಿದೆ. ಪೀಣ್ಯದ ಕಾರ್ಖಾನೆಗಳ ನಡುವೆ ಬೆಳೆದ ನನಗೆ ಇದು ಅರ್ಧ ಸತ್ಯವಾಗಿ ತೋರುತ್ತದೆ. ಎಲೆಕ್ಟ್ರಾನಿಕ್ ಸಿಟಿ, ವೈಟ್‌ಫೀಲ್ಡ್‌ಗಳಲ್ಲಿ ಲೋಕಕ್ಕೆಲ್ಲ ತಂತ್ರಾಂಶ ಸಿದ್ಧವಾಗುತ್ತದೆ. ಆ ಕಟ್ಟಡಗಳ ಬಾಗಿಲು ಕಾಯುವವರ, ನೆಲ ಒರೆಸುವವರ ಮಕ್ಕಳಿಗೆ ಆ ವಿದ್ಯೆಯನ್ನು ಹೇಳಿಕೊಡುವವರು ವಿರಳ.

ಎಳೆಯರಿಗೆ ಇದು ತಲೆಗೆ ಹತ್ತದೆನ್ನುವವರಿದ್ದಾರೆ. ಅದು ಸರಿಯಲ್ಲ. 1967ರಲ್ಲಿಯೇ ಅಮೆರಿಕದಲ್ಲಿ ಸೆಮೋರ್ ಪೇಪರ್ಟ್ ಮತ್ತು ಅವರ ಸಂಗಡಿಗರು ಮಕ್ಕಳಿಗಾಗಿ ‘ಲೋಗೊ’ ಭಾಷೆಯನ್ನು ರಚಿಸಿದರು. ನೂರು ಹೆಜ್ಜೆ ಮುಂದೆ ಹೋಗು, 90 ಡಿಗ್ರಿ ಬಲಕ್ಕೆ ತಿರುಗು ಎಂದು ನಾಲ್ಕು ಸಾರಿ ಆಜ್ಞಾಪಿಸಿದರೆ ತೆರೆಯ ಮೇಲಿನ ಆಮೆಯು ಒಂದು ಚೌಕವನ್ನು ಎಳೆಯುತ್ತದೆ. ನಮ್ಮವರೇ ಆದ ಡಾ. ಯು. ಬಿ. ಪವನಜ ಅವರು ಇದನ್ನು ಕನ್ನಡಕ್ಕೆ ತಂದರು. ಕನ್ನಡ ಲೋಗೊಗೆ 2006ರಲ್ಲಿ ಮಂಥನ್ ಪ್ರಶಸ್ತಿಯೂ ದೊರೆಯಿತು.

ಭಾನುವಾರಗಳಲ್ಲಿ ನಮ್ಮ ಬೀದಿಯ ನಾಲ್ಕಾರು ಮಕ್ಕಳಿಗೆ ಪಾಠ ಹೇಳಲು ಯತ್ನಿಸಿದೆ. ಇಂಗ್ಲಿಷ್ ಆಜ್ಞೆಯನ್ನು ಬಾಯಿಪಾಠ ಮಾಡಿದ್ದ ಹುಡುಗಿಯೊಬ್ಬಳು, ಆಮೆ ಏಕೆ ತಿರುಗಿತೆಂದು ಹೇಳಲಾರದೆ ಹೋದಳು. ಅದನ್ನೇ ಕನ್ನಡದಲ್ಲಿ ಹೇಳಿದಾಗ ತಾನೇ ಎದ್ದು, ಹೆಜ್ಜೆ ಹಾಕಿ, ತಿರುಗಿ ತೋರಿಸಿದಳು. ಮುಂದೆ ಉದ್ಯೋಗಕ್ಕೆ ಇಂಗ್ಲಿಷ್ ಬೇಕಲ್ಲವೆ ಎಂದು ಕೇಳಬಹುದು. ಬೇಕು, ನಿಜ. ಆದರೆ ಮೊದಲು ಮಗುವಿಗೆ ವಿಚಾರ ತಿಳಿಯಬೇಕು. ಆಮೇಲೆ ಅದಕ್ಕೆ ಇಂಗ್ಲಿಷ್ ಹೆಸರು ಕಲಿಯುವುದು ಕಷ್ಟವಲ್ಲ.

ಎರಡನೆಯ ತೊಡಕು ಯಂತ್ರದ್ದು. ಈ ಮಕ್ಕಳ ಮನೆಗಳಲ್ಲಿ ಗಣಕಯಂತ್ರವಿಲ್ಲ. ಅಪ್ಪನ ಫೋನು ಮಾತ್ರ ಉಂಟು, ಅದೂ ರಾತ್ರಿ ಅವರು ಕೆಲಸದಿಂದ ಬಂದ ಮೇಲೆ. ನಾನು ಹಳೆಯ ಫಾಂಟಿನಲ್ಲಿ ಅಚ್ಚುಮಾಡಿ ಕಳುಹಿಸಿದ ಪಾಠ ಆ ಫೋನಿನಲ್ಲಿ ಅರ್ಥವಿಲ್ಲದ ರೋಮನ್ ಅಕ್ಷರಗಳಾಗಿ ಕಂಡಿತು. ಅಂಥ ಫಾಂಟುಗಳು ಇಂಗ್ಲಿಷ್ ಅಕ್ಷರದ ಸ್ಥಾನದಲ್ಲಿ ಕನ್ನಡದ ಚಿತ್ರವನ್ನು ಕೂಡಿಸುತ್ತವೆ. ಫಾಂಟು ಇಲ್ಲದ ಕಡೆ ಒಳಗಿನ ಗುಟ್ಟು ಬಯಲಾಗುತ್ತದೆ. ಯುನಿಕೋಡಿನಲ್ಲಿ ಕನ್ನಡಕ್ಕೆ 1991ರಿಂದಲೂ ಸ್ವಂತ ಸ್ಥಾನವಿದೆ. ತಪ್ಪು ನನ್ನದೇ ಆಗಿತ್ತು.

ಒಂದು ಯಂತ್ರಕ್ಕಾಗಿ ಕಟ್ಟಿದ್ದು ಇನ್ನೊಂದರಲ್ಲಿ ನಡೆಯದಿರುವುದು ದೊಡ್ಡವರಿಗೂ ತಪ್ಪಿದ್ದಲ್ಲ. ಮಕ್ಕಳ ‘ಸ್ಕ್ರ್ಯಾಚ್’ನ 2013ರ ಆವೃತ್ತಿ ಫ್ಲ್ಯಾಶ್ ಎಂಬ ತಂತ್ರವನ್ನು ನಂಬಿತ್ತು. 2019ರಲ್ಲಿ ಅದನ್ನು ಹೊಸದಾಗಿ ಕಟ್ಟಿ ಟ್ಯಾಬ್ಲೆಟ್ಟುಗಳಲ್ಲಿಯೂ ನಡೆಯುವಂತೆ ಮಾಡಿದರು. 2020ರ ಕೊನೆಗೆ ಫ್ಲ್ಯಾಶ್ ಕಾಲವೇ ಮುಗಿಯಿತು. ಮನಸ್ಸಿದ್ದರೆ ಮತ್ತೆ ಕಟ್ಟಬಹುದೆಂಬುದು ಇದರಿಂದ ಸಿದ್ಧವಾಗುತ್ತದೆ.

ಹಾಗಾದರೆ ಕಲಾ ವಿದ್ಯಾರ್ಥಿಗಳಾದ ನಮಗೇನು ಕೆಲಸ? ಯಂತ್ರದ ಭಾಗವನ್ನು ಎಂಜಿನಿಯರುಗಳು ನೋಡಿಕೊಳ್ಳಲಿ. ಮಗುವಿಗೆ ಒಪ್ಪುವ ಕನ್ನಡ ಮಾತುಗಳನ್ನು ಹುಡುಕಿ ಕೊಡುವುದು ನಮ್ಮಿಂದ ಆಗಬೇಕು. ಈ ರಜೆಯಲ್ಲಿ ನಮ್ಮಲ್ಲಿ ಒಬ್ಬೊಬ್ಬರೂ ತಮ್ಮ ಬೀದಿಯ ಇಬ್ಬರು ಮಕ್ಕಳನ್ನು ಕೂರಿಸಿಕೊಂಡು ಆರಂಭಿಸಬಾರದೇಕೆ?