ಕೇಳಿ ಕಲಿಯುವ ಹಕ್ಕು

ಡಿಸ್ಲೆಕ್ಸಿಯಾ ಬುದ್ಧಿಮಾಂದ್ಯವಲ್ಲ, ಅಕ್ಷರವನ್ನು ಧ್ವನಿಗೆ ಜೋಡಿಸುವಲ್ಲಿನ ತೊಡಕು. ಕಾಗುಣಿತ, ಒತ್ತಕ್ಷರಗಳ ನೂರಾರು ರೂಪಗಳಿರುವ ಕನ್ನಡದಲ್ಲಿ ಇಂಥ ಮಗು ‘ದಡ್ಡ’ ಎನಿಸಿಕೊಳ್ಳುವುದು ಸುಲಭ. ನಿರ್ದಿಷ್ಟ ಕಲಿಕಾ ನ್ಯೂನತೆಯನ್ನು ಅಂಗವೈಕಲ್ಯವೆಂದು ಮಾನ್ಯ ಮಾಡಿದ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯು, ಶಾಲೆಗಳು ಅದನ್ನು ಬೇಗನೆ ಗುರುತಿಸುವಂತೆ ನೋಡಿಕೊಳ್ಳುವ ಹೊಣೆಯನ್ನು ಸರ್ಕಾರಕ್ಕೆ ವಹಿಸಿದೆ. ರಾಷ್ಟ್ರೀಯ ಮಿದುಳು ಸಂಶೋಧನಾ ಕೇಂದ್ರವು 2015ರಲ್ಲಿ ಹೊರತಂದ ‘ಡಾಲಿ’ ಪರೀಕ್ಷೆ ಕನ್ನಡದಲ್ಲೂ ಇದೆ.

ಸಾಧನಕ್ಕೂ ಕೊರತೆಯಿಲ್ಲ. ಕನ್ನಡ ಪಠ್ಯವನ್ನು ಓದಿ ಹೇಳುವ ಸೌಲಭ್ಯ ಸಾಮಾನ್ಯ ಮೊಬೈಲಿನಲ್ಲೇ ದೊರೆಯುತ್ತದೆ. ಆದರೆ ಯೂನಿಕೋಡ್‌ಗೆ ಬಾರದ ಹಳೆಯ ಫಾಂಟಿನ ಪುಟವನ್ನು ಅದು ಓದಲಾರದು: ನಮ್ಮ ಕಣ್ಣಿಗೆ ಕನ್ನಡವಾಗಿ ಕಂಡದ್ದು ಯಂತ್ರಕ್ಕೆ ಅರ್ಥವಿಲ್ಲದ ಸಂಕೇತಗಳ ರಾಶಿ.

ಈ ವಿಷಯದ ಪರಿಣತಿ ಇರುವ ನಿಮ್ಹಾನ್ಸ್ ಬೆಂಗಳೂರಿನಲ್ಲಿದೆ. ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಮೈಸೂರಿನಲ್ಲಿದೆ. ಶಿರಹಟ್ಟಿ ತಾಲ್ಲೂಕಿನ ಮಾಗಡಿಯಲ್ಲಿ ಕೂಲಿ ಮಾಡುವ ತಾಯಿಗೆ ಎರಡೂ ದೂರವೇ. ಆದ್ದರಿಂದ ತಪಾಸಣೆ ತಾಲ್ಲೂಕು ಮಟ್ಟಕ್ಕೆ ಬರಬೇಕು; ಪಠ್ಯಪುಸ್ತಕಗಳೆಲ್ಲ ಯೂನಿಕೋಡ್‌ನಲ್ಲಿ ಸಿಗಬೇಕು; ತರಗತಿಯಲ್ಲಿ ರೂಢಿಯಾದ ಸಾಧನಕ್ಕೆ ಪರೀಕ್ಷಾ ಕೊಠಡಿಯಲ್ಲೂ ಪ್ರವೇಶವಿರಬೇಕು. ಕನ್ನಡಕ ಧರಿಸಿ ಓದುವ ಮಗುವಿಗೆ ರಿಯಾಯಿತಿ ಕೊಟ್ಟೆವೆಂದು ಯಾರೂ ಹೇಳಿಕೊಳ್ಳುವುದಿಲ್ಲ. ಕೇಳಿ ಕಲಿಯುವ ಮಗುವಿಗೂ ಅದೇ ನ್ಯಾಯ ಸಲ್ಲಬೇಕು.